28 ಇಂಚಿನ ಸಂಸಾರ

ನಾವು ನಾಲ್ಕು ಜನ ಕೂತಿದ್ದು ವಿಮಾನದ ಟಿಕೆಟ್ ಬುಕ್ ಮಾಡೋಕೆ. ಅರ್ಧ ಗಂಟೆಯ ಕೆಲಸ. ಆದರೆ ನಮ್ಮ ಗುಂಪಿನಲ್ಲಿ ಅರ್ಧ ಗಂಟೆಯ ಕೆಲಸ ಯಾವತ್ತೂ ಅರ್ಧ ಗಂಟೆಗೆ ಮುಗಿದಿಲ್ಲ. ಲಂಬು ಬಂದವನೇ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎಳೆದು, ಎರಡು ಚಿಪ್ಪಿನ ಮೇಲೂ ನೀಲಿಗಟ್ಟಿದ್ದ ಗುರುತು ತೋರಿಸಿದ. ಎರಡೂ ಒಂದೇ ಎತ್ತರಕ್ಕಿದ್ದವು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಹೋದ ವಾರದ ನಾಲ್ಕು ಗಂಟೆಯ ಪ್ರಯಾಣದ ನೆನಪಂತೆ. ಅವನು ಆರಡಿ ಮೂರು ಇಂಚು. ಅವನಿಗೆ ಆ ಹೆಸರು ಬಂದಿದ್ದು ಸುಮ್ನೆ ಅಲ್ಲ.

"ಮುಂದಿನ ಸೀಟಿನವನು ಒರಗಿದ ಕಣೋ. ಕೇಳಲಿಲ್ಲ, ತಿರುಗಿಯೂ ನೋಡಲಿಲ್ಲ. ಗುಂಡಿ ಒತ್ತಿದ, ಧಪ್ ಅಂತ ಬಂದ. ಅವನ ನೆತ್ತಿಯನ್ನ ಎಷ್ಟು ಹತ್ತಿರದಿಂದ ನೋಡಿದೀನಿ ಅಂದ್ರೆ, ಅವನ ಹೆಂಡತಿಗೂ ಗೊತ್ತಿರದ ಮಚ್ಚೆ ನನಗೆ ಗೊತ್ತು."

ನಾನು ಕಿಟಕಿಯ ಕಡೆ ನೋಡಿದೆ. ಯಾಕಂದ್ರೆ ನಾನೂ ಒರಗುವವನೇ. ಗುಂಡಿ ಕೊಟ್ಟಿದ್ದಾರೆ, ಒತ್ತುತ್ತೇನೆ. ಆದರೆ ಶಾಂತಕ್ಕ ಬಿಡಬೇಕಲ್ಲ.

"ಇಲ್ಲೇ ಒಬ್ಬ ಇದ್ದಾನಲ್ಲ ಒರಗುವವನು, ಅವನನ್ನೇ ಕೇಳು."

ಅಲ್ಲಿಗೆ ಲ್ಯಾಪ್‌ಟಾಪ್ ಪಕ್ಕಕ್ಕೆ ಹೋಯ್ತು.

ನಾನು ನನ್ನ ವಾದ ಇಟ್ಟೆ. ಒತ್ತಬಾರದು ಅಂತಿದ್ರೆ ಗುಂಡಿ ಯಾಕೆ ಇಡಬೇಕಿತ್ತು? ಅದಕ್ಕೆ ಉತ್ತರ ಕೊಟ್ಟವನು ಲಂಬು ಅಲ್ಲ, ಶಾನುಭೋಗ. ಇವನು ನಮ್ಮ ಲೆಕ್ಕದವನು. ಮೂರು ಜನ ಅಳುತ್ತಿದ್ದರೆ ಕಣ್ಣೀರನ್ನ ಮೂರರಿಂದ ಭಾಗಿಸುವ ಜಾತಿ. "ಅದಕ್ಕೇ ಗುಂಡಿ ಕಿತ್ತರು. ಐರ್ಲೆಂಡಿನ ಅಗ್ಗದ ವಿಮಾನ ಕಂಪನಿ ರಯಾನ್‌ಏರ್ 2004ರಲ್ಲೇ ಒರಗದ ಸೀಟು ತಂತು, ಸೀಟಿನ ಬೆನ್ನಿಗೆ ಇರುತ್ತಿದ್ದ ಜೇಬನ್ನೂ ತೆಗೆದು ಹಾಕ್ತು. ಜೇಬಿದ್ರೆ ಜನ ಕಸ ತುಂಬ್ತಾರೆ, ಕಸ ತೆಗೆಯೋಕೆ ಹೊತ್ತಾಗುತ್ತೆ, ಅಷ್ಟು ಹೊತ್ತು ವಿಮಾನ ನೆಲದ ಮೇಲೆ ಇರುತ್ತೆ. ನೆಲದ ಮೇಲಿರೋ ವಿಮಾನ ದುಡಿಯಲ್ಲ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ನವರು ಸ್ವಲ್ಪ ಮೆತ್ತಗಿನವರು, 2019ರಲ್ಲಿ ಕೆಲವು ವಿಮಾನಗಳಲ್ಲಿ ಒರಗೋದನ್ನ 4 ಇಂಚಿಂದ 2 ಇಂಚಿಗೆ ಇಳಿಸಿದರು."

"ಎರಡು ಇಂಚು ಒರಗಿದ್ರೆ ಏನು ಬಂತು? ನಾನು ಉಸಿರು ಜೋರಾಗಿ ಬಿಟ್ಟರೆ ಅಷ್ಟು ಹಿಂದೆ ಹೋಗ್ತೀನಿ" ಅಂದರು ಶಾಂತಕ್ಕ.

ಆಮೇಲೆ ಶಾನುಭೋಗ 2014ರ ಜಗಳದ ಕಥೆ ತೆಗೆದ. ಇದು ಪೇಪರಲ್ಲೆಲ್ಲ ಬಂದಿತ್ತು. ಅಮೆರಿಕದಲ್ಲಿ ನ್ಯೂಆರ್ಕ್‌ನಿಂದ ಡೆನ್ವರ್‌ಗೆ ಹೊರಟ ಯುನೈಟೆಡ್ ಏರ್‌ಲೈನ್ಸ್ ವಿಮಾನ. ಒಬ್ಬ ಮನುಷ್ಯ ನೀ ಡಿಫೆಂಡರ್ ಅನ್ನೋ ಪ್ಲಾಸ್ಟಿಕ್ ತುಂಡುಗಳನ್ನ ತನ್ನ ಮುಂದಿನ ಟ್ರೇಗೆ ಸಿಕ್ಕಿಸಿದ. ಅದನ್ನ ಸಿಕ್ಕಿಸಿದರೆ ಮುಂದಿನ ಸೀಟು ಒರಗಲ್ಲ. ಮುಂದಿದ್ದ ಹೆಂಗಸು ಒರಗೋಕೆ ನೋಡಿದ್ರು, ಆಗಲಿಲ್ಲ. ಗಗನಸಖಿ ಬಂದು ತೆಗೀರಿ ಅಂದ್ರು, ಇವನು ತೆಗೀಲಿಲ್ಲ. ಆ ಹೆಂಗಸು ಎದ್ದು ನಿಂತು ಲೋಟದ ನೀರನ್ನ ಇವನ ಮೇಲೆ ಎರಚಿದರು. ಪೈಲಟ್ ವಿಮಾನವನ್ನ ಶಿಕಾಗೋದಲ್ಲಿ ಇಳಿಸಿ ಇಬ್ಬರನ್ನೂ ಕೆಳಗೆ ಬಿಟ್ಟು ಹೋದ.

"ಇದರಲ್ಲಿ ಮಜಾ ಏನು ಗೊತ್ತಾ? ಇಬ್ಬರೂ ಕೂತಿದ್ದು ಕಾಲಿಗೆ ಜಾಸ್ತಿ ಜಾಗ ಇರೋ ಸೀಟುಗಳಲ್ಲಿ" ಅಂದ ಶಾನುಭೋಗ.

ಶಾಂತಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲ ಕಣ್ರೋ, ಆ ನಾಲ್ಕು ಇಂಚನ್ನ ಮುಂದಿನವಳಿಗೆ ಒರಗೋ ಜಾಗ ಅಂತ ಮಾರಿದಾರೆ. ಅದೇ ನಾಲ್ಕು ಇಂಚನ್ನ ಹಿಂದಿನವನಿಗೆ ಕಾಲಿನ ಜಾಗ ಅಂತ ಮಾರಿದಾರೆ. ಒಂದೇ ಸೈಟನ್ನ ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟು, ಹೊಡೆದಾಡಿಕೊಳ್ಳಿ ಅಂತ ಬಿಟ್ಟ ಹಾಗಾಯ್ತು. ಮಾರಿದವನ ಮೇಲೆ ಒಬ್ಬರೂ ನೀರು ಹಾಕಲಿಲ್ಲವಲ್ಲ!"

ಲಂಬು ನನ್ನನ್ನ ನೋಡಿದ, ನಾನು ಲಂಬುವನ್ನ ನೋಡಿದೆ. ಸಂಧಾನ ಆಗುವ ಲಕ್ಷಣ ಇತ್ತು. ಅಷ್ಟರಲ್ಲಿ ಶಾನುಭೋಗ ಅಳತೆಯ ಟೇಪು ತಂದ.

ಊಟದ ಮೇಜಿನ ಎರಡು ಕುರ್ಚಿಗಳನ್ನ ಹಾಲಿನ ನಡುವೆ ಒಂದರ ಹಿಂದೆ ಒಂದು ಇಟ್ಟೆವು. ಸೀಟಿನ ಪಿಚ್ ಅಂದ್ರೆ ಕಾಲಿನ ಜಾಗ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಅಲ್ಲವಂತೆ. ಒಂದು ಸೀಟಿನ ಒಂದು ಬಿಂದುವಿನಿಂದ ಹಿಂದಿನ ಸೀಟಿನ ಅದೇ ಬಿಂದುವಿಗೆ ಎಷ್ಟು ದೂರವೋ ಅದು ಪಿಚ್. ಅಂದ್ರೆ ಸೀಟಿನ ದಪ್ಪವೂ ಅದರೊಳಗೇ ಬಂತು. ಅದಕ್ಕೇ ಈಗಿನ ಸೀಟುಗಳು ಹಪ್ಪಳದ ಹಾಗೆ ತೆಳ್ಳಗಿರೋದು. ಬೆನ್ನಿನ ಸ್ಪಂಜು ತೆಗೆದು ಮೊಣಕಾಲಿಗೆ ಒಂದಿಂಚು ಕೊಡ್ತಾರೆ. ಮೊಣಕಾಲು ನಗುತ್ತೆ, ಬೆನ್ನು ಅಳುತ್ತೆ.

ಮೊದಲು 35 ಇಂಚು ಇಟ್ಟೆವು. ಹಳೇ ಕಾಲದ ಅಳತೆ. ಲಂಬು ಕೂತ, ಕಾಲಾಡಿಸಿದ, "ಇದು ವಿಮಾನ ಅಲ್ಲ ಕಣೋ, ಮಾವನ ಮನೆ" ಅಂದ. ಆಮೇಲೆ 31, ಈಗಿನ ಮಾಮೂಲಿ ಅಳತೆ. ಕೂತ, ಮಾತು ಕಡಿಮೆಯಾಯಿತು. ಆಮೇಲೆ 28. ಅಗ್ಗದ ವಿಮಾನಗಳಲ್ಲಿ ಇಷ್ಟೇ ಇರೋದು. ಲಂಬು ಮೊದಲು ಒಂದು ಕಾಲು ಹಾಕಿದ, ಆಮೇಲೆ ಸೊಂಟ ತಿರುಗಿಸಿದ, ಆಮೇಲೆ ಇನ್ನೊಂದು ಕಾಲನ್ನ ಕೈಯಲ್ಲಿ ಎತ್ತಿ ಒಳಗೆ ಇಟ್ಟುಕೊಂಡ. ಮೊಣಕಾಲು ಹೋಗಿ ಮುಂದಿನ ಕುರ್ಚಿಯ ಅಡ್ಡಪಟ್ಟಿಗೆ ಕೂತಿತು, ಕರೆಕ್ಟಾಗಿ ಆ ನೀಲಿ ಗುರುತಿನ ಮೇಲೆ.

"ಈಗ ಬೆಂಕಿ ಬಿತ್ತು ಅಂದ್ಕೋ, ಎದ್ದು ಓಡು" ಅಂತ ಶಾನುಭೋಗ ಮೊಬೈಲಲ್ಲಿ ಟೈಮರ್ ಒತ್ತಿದ.

ಇದು ತಮಾಷೆ ಅಲ್ಲ. ಅರ್ಧ ಬಾಗಿಲು ಮುಚ್ಚಿದ್ದರೂ ವಿಮಾನ ತುಂಬ ಇರೋ ಜನ 90 ಸೆಕೆಂಡಲ್ಲಿ ಹೊರಗೆ ಬರಬೇಕು ಅನ್ನೋ ನಿಯಮ ಇದೆ. 2006ರಲ್ಲಿ ಎ380 ಅನ್ನೋ ಎರಡು ಮಹಡಿಯ ವಿಮಾನದಿಂದ 873 ಜನ 78 ಸೆಕೆಂಡಲ್ಲಿ ಇಳಿದು ತೋರಿಸಿದ್ದರು. ನಮ್ಮ ಲಂಬು ಒಬ್ಬನೇ, ಬರೀ ಊಟದ ಕುರ್ಚಿಯಿಂದ ಏಳೋಕೆ 19 ಸೆಕೆಂಡ್ ತೆಗೆದುಕೊಂಡ. ಅದರಲ್ಲೂ ಮುಂದಿನ ಕುರ್ಚಿಯನ್ನ ಉರುಳಿಸಿ. ವಿಮಾನದಲ್ಲಿ ಆ ಸೌಲಭ್ಯ ಇಲ್ಲ.

ಅಮೆರಿಕದಲ್ಲಿ ಪ್ರಯಾಣಿಕರ ಸಂಘವೊಂದು ಇದೇ ಮಾತು ಹಿಡಿದು ಕೋರ್ಟಿಗೆ ಹೋಗಿತ್ತು. 2017ರಲ್ಲಿ ನ್ಯಾಯಾಧೀಶೆ ಪೆಟ್ರೀಷಿಯಾ ಮಿಲೆಟ್ ತೀರ್ಪಿನಲ್ಲಿ ಇದನ್ನ ನಂಬಲಾಗದಷ್ಟು ಕುಗ್ಗುತ್ತಿರುವ ವಿಮಾನ ಸೀಟಿನ ಪ್ರಕರಣ ಅಂತಲೇ ಕರೆದರು. ಮರುವರ್ಷ ಅಲ್ಲಿನ ಸಂಸತ್ತು ಸೀಟಿಗೆ ಕನಿಷ್ಠ ಅಳತೆ ನಿಗದಿ ಮಾಡಿ ಅಂತ ವಿಮಾನಯಾನ ಇಲಾಖೆಗೆ ಹೇಳಿತು. ಇಲಾಖೆ ಜನರನ್ನ ಕೂರಿಸಿ ಪರೀಕ್ಷೆ ಮಾಡಿ, 28 ಇಂಚು ಇದ್ದರೂ ಜನ ಹೊರಗೆ ಬರೋಕೆ ತೊಂದರೆಯಿಲ್ಲ ಅಂದಿತು. ಪರೀಕ್ಷೆಗೆ ಕೂತವರು ಯಾರು? ಎಲ್ಲರೂ ಗಟ್ಟಿಮುಟ್ಟಾದವರು. 60 ದಾಟಿದವರಿಲ್ಲ, ಮಕ್ಕಳಿಲ್ಲ.

"ನಮ್ಮ ಲಂಬುವೂ ಇಲ್ಲ" ಅಂದರು ಶಾಂತಕ್ಕ. "2022ರಲ್ಲಿ ಜನರ ಅಭಿಪ್ರಾಯ ಕೇಳಿದ್ರಂತೆ ಅಲ್ವಾ?"

"26,000ಕ್ಕೂ ಜಾಸ್ತಿ ಬಂತು."

"ಅಷ್ಟನ್ನೂ ಓದೋ ಪುಣ್ಯಾತ್ಮನನ್ನ 28 ಇಂಚಿನ ಸೀಟಲ್ಲಿ ಕೂರಿಸಿ ಓದಿಸಬೇಕಿತ್ತು."

ಶಾಂತಕ್ಕನ ನಿಜವಾದ ದುಃಖ ಉದ್ದದ್ದಲ್ಲ, ಅಗಲದ್ದು. ಅವರಿಗೆ ಯಾವಾಗಲೂ ನಡುವಿನ ಸೀಟೇ ಸಿಗೋದು, ಇದು ಜಾತಕದಲ್ಲೇ ಬರೆದಿದೆ ಅಂತಾರೆ. ಎಡಗಡೆ ಒಬ್ಬನ ಮೊಣಕೈ, ಬಲಗಡೆ ಒಬ್ಬನ ಮೊಣಕೈ, ನಡುವೆ ಇವರು ಕೈಮುಗಿದ ಭಂಗಿಯಲ್ಲಿ, ನೋಡಿದವರಿಗೆ ತುಂಬಾ ಭಕ್ತೆ ಅನ್ನಿಸಬೇಕು. ಹೋದ ಸಲ ಎಡಗಡೆಯವನು ಕೈಯಾಸರೆಯ ಮೇಲೆ ಮೊಣಕೈ ಇಟ್ಟು ನಿದ್ದೆ ಹೋದನಂತೆ. ಇವರು ಪುಸ್ತಕದ ಮೂಲೆಯಿಂದ ಒಂದೊಂದೇ ಮಿಲಿಮೀಟರ್ ತಳ್ಳುತ್ತಾ, ಇಳಿಯುವ ಹೊತ್ತಿಗೆ ಅರ್ಧ ಕೈಯಾಸರೆ ಗೆದ್ದರಂತೆ. "ಅಷ್ಟರಲ್ಲಿ ಅವನು ಎಚ್ಚರಾಗಿ ಸಾರಿ ಅಂದ. ನನಗೇ ನಾಚಿಕೆ ಆಯ್ತು, ವಾಪಸ್ ಕೊಟ್ಟೆ."

ಬೋಯಿಂಗ್ 777 ಬಂದ ಹೊಸದರಲ್ಲಿ ಹೆಚ್ಚಿನವರು ಒಂದು ಸಾಲಿಗೆ ಒಂಬತ್ತು ಸೀಟು ಹಾಕ್ತಿದ್ದರು. ಈಗ ಬಹಳ ಕಡೆ ಹತ್ತು. ವಿಮಾನ ಅಗಲ ಆಗಿಲ್ಲ, ನಾವೂ ತೆಳ್ಳಗಾಗಿಲ್ಲ. ಹತ್ತನೆಯವನು ಎಲ್ಲಿಂದ ಬಂದ? ಒಂಬತ್ತು ಜನರ ಭುಜದಿಂದ ಚೂರು ಚೂರು ಕಿತ್ತು ಮಾಡಿದ್ದು. ಶಾನುಭೋಗನ ಪ್ರಕಾರ ಇದೇ ಕಲೆ. "ಮೂವತ್ತು ಸಾಲಿಂದ ಒಂದೊಂದು ಇಂಚು ತೆಗಿ, ಮೂವತ್ತು ಇಂಚಾಯ್ತು. ಅಲ್ಲಿಗೆ ಹೊಸ ಸಾಲು, ಆರು ಸೀಟು. ಒಂದು ಇಂಚು ಹೋದದ್ದು ಯಾರಿಗೂ ಗೊತ್ತಾಗಲ್ಲ. ಹನಿ ಹನಿಗೂಡಿದರೆ ಹಳ್ಳ, ಇಂಚು ಇಂಚುಗೂಡಿದರೆ ಆರು ಟಿಕೆಟ್ಟು."

"ನೀನು ಅವರ ಕಡೆಯವನಾ, ನಮ್ಮ ಕಡೆಯವನಾ?" ಅಂದ ಲಂಬು.

"ನಾನು ಲೆಕ್ಕದ ಕಡೆಯವನು."

ಲೆಕ್ಕ ಅಂದ ಮೇಲೆ ಅವನನ್ನ ಹಿಡಿಯೋರು ಯಾರು? ಅಮೆರಿಕನ್ ಏರ್‌ಲೈನ್ಸ್‌ನ ಮುಖ್ಯಸ್ಥ ರಾಬರ್ಟ್ ಕ್ರಾಂಡಲ್ 1980ರ ದಶಕದಲ್ಲಿ ಪ್ರಯಾಣಿಕರ ಸಲಾಡಿನಿಂದ ಒಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದ್ದನ್ನ ಹೇಳಿದ. ಯುನೈಟೆಡ್‌ನವರು 2018ರಲ್ಲಿ ವಿಮಾನದೊಳಗಿನ ಪತ್ರಿಕೆಯ ಕಾಗದ ತೆಳ್ಳಗೆ ಮಾಡಿ, ಪ್ರತಿಗೆ ಒಂದು ಔನ್ಸ್ ಇಳಿಸಿ, ವರ್ಷಕ್ಕೆ 2,90,000 ಡಾಲರ್ ಇಂಧನ ಉಳಿಸೋ ಲೆಕ್ಕ ಹಾಕಿದ್ದನ್ನ ಹೇಳಿದ. ಬ್ರಿಟನ್ನಿನ ಅಗ್ಗದ ವಿಮಾನ ಕಂಪನಿ ಈಸಿಜೆಟ್‌ನವರು 2022ರಲ್ಲಿ ಕೆಲವು ವಿಮಾನಗಳಿಂದ ಕೊನೇ ಸಾಲನ್ನೇ ಕಿತ್ತರು ಅಂದಾಗ ಲಂಬುವಿನ ಮುಖ ಅರಳಿತು. ಕೊನೆಗೂ ಒಬ್ಬರಿಗೆ ಕರುಣೆ ಬಂತಲ್ಲ!

"ಕರುಣೆ ಎಲ್ಲಿಂದ ಬಂತು? 50 ಸೀಟಿಗೆ ಒಬ್ಬರು ಸಿಬ್ಬಂದಿ ಇರಬೇಕು ಅನ್ನೋದು ನಿಯಮ. 156 ಸೀಟಿದ್ರೆ ನಾಲ್ಕು ಜನ ಬೇಕು. 150 ಮಾಡಿದ್ರೆ ಮೂರೇ ಸಾಕು. ಆಗ ಸಿಬ್ಬಂದಿ ಸಿಗ್ತಿರಲಿಲ್ಲ, ಆರು ಸೀಟು ಕಿತ್ತರು."

ಲಂಬುವಿನ ಮುಖ ಮತ್ತೆ ಮುದುಡಿತು. ಮುದುಡಿದ್ದು ಅವನ ಮುಖ ಮಾತ್ರ, ಕಾಲಲ್ಲ. ಅದೇ ಅವನ ಸಮಸ್ಯೆ.

ಮುಂದೆ ಏನೇನು ಕಾದಿದೆಯೋ ಅಂತ ಮಾತು ಬಂತು. ರಯಾನ್‌ಏರ್‌ನ ಮೈಕಲ್ ಓ'ಲಿಯರಿ 2010ರಲ್ಲಿ ನಿಂತುಕೊಂಡೇ ಹೋಗುವ ಸೀಟಿನ ಮಾತಾಡಿದ್ದ. ಅದಕ್ಕೂ ಹಿಂದಿನ ವರ್ಷ ವಿಮಾನದ ಟಾಯ್ಲೆಟ್ಟಿಗೆ ದುಡ್ಡು ಹಾಕಿ ಒಳಗೆ ಹೋಗೋ ಯೋಜನೆ ಹೇಳಿದ್ದ. ಎರಡೂ ಆಗಲಿಲ್ಲ, ಆದರೆ ಪೇಪರಲ್ಲಿ ಬಿಟ್ಟಿ ಜಾಹೀರಾತು ಸಿಕ್ಕಿತು. ಅದೇ 2010ರಲ್ಲಿ ಇಟಲಿಯ ಕಂಪನಿಯೊಂದು ಸ್ಕೈರೈಡರ್ ಅಂತ ಕುದುರೆಯ ಜೀನಿನಂಥ ಸೀಟು ಮಾಡಿ ತೋರಿಸಿತು. ಅದರ ಪಿಚ್ 23 ಇಂಚು. ಕೂತಿದೀರಾ ಅಂದ್ರೆ ಕೂತಿಲ್ಲ, ನಿಂತಿದೀರಾ ಅಂದ್ರೆ ನಿಂತಿಲ್ಲ. ಶಾಂತಕ್ಕ ಅದರ ಚಿತ್ರ ನೋಡಿ, "ಲಗಾಮು ಬೇರೆ ಚಾರ್ಜಾ?" ಅಂದರು.

ಇನ್ನೊಂದು ಇದೆ, 2022ರಲ್ಲಿ ಹ್ಯಾಂಬರ್ಗ್‌ನ ಪ್ರದರ್ಶನದಲ್ಲಿ ಬಂದಿದ್ದು. ಎರಡು ಅಂತಸ್ತಿನ ಸೀಟು. ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ. ಕೆಳಗಿನವರಿಗೆ ಕಾಲು ಚಾಚೋಕೆ ಧಾರಾಳ ಜಾಗ. ಲಂಬು ಖುಷಿಯಾಗಿ ಚಿತ್ರವನ್ನ ದೊಡ್ಡದು ಮಾಡಿ ನೋಡಿದ. ಇನ್ನೂ ದೊಡ್ಡದು ಮಾಡಿದ. ಆಮೇಲೆ ಮೆಲ್ಲಗೆ ಕೇಳಿದ, "ಕೆಳಗೆ ಕೂತವನ ಮೂಗಿನ ನೇರಕ್ಕೆ ಇರೋದು ಏನು?"

ಯಾರೂ ಉತ್ತರ ಕೊಡಲಿಲ್ಲ. ಕೊಡೋ ಅಗತ್ಯವೂ ಇರಲಿಲ್ಲ.

"ನನ್ನ ಮೊಣಕಾಲು ಹೀಗೇ ಇರಲಿ" ಅಂದ.

ಇಷ್ಟಾದ ಮೇಲೂ ಶಾನುಭೋಗನ ಬತ್ತಳಿಕೆಯಲ್ಲಿ ಒಂದು ಬಾಣ ಉಳಿದಿತ್ತು. 2000ದಲ್ಲಿ ಅದೇ ಅಮೆರಿಕನ್ ಏರ್‌ಲೈನ್ಸ್ ಸಾವಿರಾರು ಸೀಟುಗಳನ್ನ ಕಿತ್ತು ಹಾಕಿ, ಅಗ್ಗದ ಟಿಕೆಟ್ಟಿನವರಿಗೂ ಕಾಲಿಗೆ ಜಾಗ ಕೊಟ್ಟಿತ್ತಂತೆ. ಜಾಹೀರಾತೂ ಜೋರಾಗಿತ್ತು. ಆದರೆ ಅದಕ್ಕಾಗಿ ನಾಲ್ಕು ಕಾಸು ಜಾಸ್ತಿ ಕೊಡೋಕೆ ಜನ ಸಾಲುಗಟ್ಟಿ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಸೀಟುಗಳು ವಾಪಸ್ ಬಂದವು.

"ಅಂದ್ರೆ ತಪ್ಪು ನಮ್ಮದು ಅಂತೀಯಾ?" ಅಂದೆ ನಾನು.

"ನಾನೇನೂ ಅನ್ನಲ್ಲಪ್ಪ. ಬಂದ ಕೂಡಲೇ ನೀನೇ ಲ್ಯಾಪ್‌ಟಾಪಲ್ಲಿ ಕಡಿಮೆ ಬೆಲೆಯದು ಮೇಲೆ ಬರೋ ಹಾಗೆ ಮಾಡಿದೆಯಲ್ಲ, ಅದನ್ನ ನೋಡ್ತಾ ಇದ್ದೆ ಅಷ್ಟೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಶಾಂತಕ್ಕನ ಹತ್ತಿರ ಇತ್ತು. "ಅದೆಲ್ಲ ಸರಿ, ಆದ್ರೆ ಆ ಪಟ್ಟಿಯಲ್ಲಿ ಬೆಲೆ ಎಷ್ಟು ಅಂತ ದೊಡ್ಡದಾಗಿ ಬರೆದಿರುತ್ತೆ. 28 ಇಂಚೋ 31 ಇಂಚೋ ಅಂತ ಪಕ್ಕದಲ್ಲಿ ಬರೆದಿರುತ್ತಾ? ಸೀರೆ ಅಂಗಡಿಯವನು ಎಷ್ಟು ಮೊಳ ಅಂತ ಹೇಳದೆ ಬೆಲೆ ಮಾತ್ರ ಹೇಳಿದ್ರೆ ನಾನು ಅಗ್ಗದ್ದೇ ತಗೋತೀನಿ. ಉಟ್ಟ ಮೇಲೆ ಗೊತ್ತಾಗುತ್ತೆ ಸೆರಗಿಲ್ಲ ಅಂತ. ಆಮೇಲೆ ಅವನೇ ಬಂದು ಸೆರಗು ಪ್ರತ್ಯೇಕ ಮಾರ್ತಾನೆ, ಅದಕ್ಕೊಂದು ಚೆಂದದ ಹೆಸರು ಬೇರೆ!"

ಶಾನುಭೋಗ ಮೊದಲ ಸಲ ಟೇಪನ್ನ ಸುತ್ತಿ ಒಳಗಿಟ್ಟ.

ಗಂಟೆ ಹತ್ತಾಗಿತ್ತು. ಟಿಕೆಟ್ ಆಗಿರಲಿಲ್ಲ. ಲಂಬುವಿಗೆ ಎಮರ್ಜೆನ್ಸಿ ಬಾಗಿಲಿನ ಪಕ್ಕದ ಸೀಟು ತಗೊಳ್ಳೋಣ ಅಂತ ನೋಡಿದರೆ, ಆ ಒಂದು ಸೀಟಿಗೆ ಕೇಳಿದ ಹೆಚ್ಚುವರಿ ದುಡ್ಡು ಟಿಕೆಟ್ಟಿನ ಅರ್ಧದಷ್ಟಿತ್ತು. ನಾಲ್ಕು ಜನ ಹಂಚಿಕೊಳ್ಳೋಣ ಅಂದ ಲಂಬು. ನಿನ್ನ ಕಾಲಿಗೆ ನಾವ್ಯಾಕೆ ಕೊಡಬೇಕು ಅಂದೆ ನಾನು. ಹಾಗಾದ್ರೆ ನಿನ್ನ ಹಿಂದೆ ನಾನು ಕೂರ್ತೀನಿ, ಒರಗು ನೋಡೋಣ ಅಂದ ಅವನು. ಶಾಂತಕ್ಕ ನಡುವಿನ ಸೀಟು ಬೇಡವೇ ಬೇಡ ಅಂತ ಕೈ ಮುಗಿದರು, ಅದೇ ಭಂಗಿಯಲ್ಲಿ. ನಾವು ಹೀಗೆ ಕಚ್ಚಾಡುತ್ತಿದ್ದಾಗ ಶಾನುಭೋಗ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ನಾಲ್ಕು ಸಲ ಕ್ಲಿಕ್ ಮಾಡಿ ಮುಚ್ಚಿಟ್ಟ.

"ಆಯ್ತು, ಬುಕ್ ಮಾಡಿದೆ. ಕೊನೇ ಸಾಲು. ನಮ್ಮ ಸೀಟು ಒರಗೋದೇ ಇಲ್ಲ, ಹಾಗಾಗಿ ಹಿಂದಿನವನ ಜೊತೆ ಜಗಳ ಇಲ್ಲ. ಹಿಂದಿನವನೂ ಇಲ್ಲ. ಎಲ್ಲದಕ್ಕಿಂತ ಅಗ್ಗ."

ಲಂಬುವಿಗೆ ಅನುಮಾನ. "ಹಿಂದಿನವನಿಲ್ಲ ಸರಿ. ಹಿಂದೆ ಏನಿದೆ?"

"ಟಾಯ್ಲೆಟ್ಟು. ಅದಕ್ಕೆ ಇನ್ನೂ ದುಡ್ಡಿಲ್ಲ."