ಹೆಸರು ಒಂದೇ, ವ್ಯಕ್ತಿ ಬೇರೆ: ನಾಮಸೂಚಿಯಲ್ಲಿ ಇವರನ್ನು ಬೇರ್ಪಡಿಸುವುದು ಹೇಗೆ?

ಪದಸೂಚಿ (ಪ್ರಶ್ನೆ)

ವಿಚಾರಗಳ ಇತಿಹಾಸವನ್ನು ಹೇಳುವ ಒಂದು ದಪ್ಪ ಪುಸ್ತಕಕ್ಕೆ ನಾಮಸೂಚಿ ತಯಾರಿಸುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಬೇಕನ್, ಫ್ರಾನ್ಸಿಸ್’ ಎಂಬ ನಮೂದಿನ ಮುಂದೆ ಒಂಬತ್ತು ಪುಟಗಳನ್ನು ಕೊಟ್ಟಿದ್ದೆ. ನಿನ್ನೆ ಒಂದೊಂದೇ ಪುಟ ತೆರೆದು ತಾಳೆ ನೋಡಿದೆ. ಆರು ಪುಟಗಳಲ್ಲಿ ಪ್ರಯೋಗ, ಅನುಗಮನ ತರ್ಕ, ಜ್ಞಾನದ ವಿಂಗಡಣೆ. ಉಳಿದ ಮೂರರಲ್ಲಿ ಬಾಯಿ ತೆರೆದು ಚೀರುವ ಪೋಪ್‌ನ ಚಿತ್ರದ ಚರ್ಚೆ! ಆ ಚಿತ್ರ 1953ರದು. ದಾರ್ಶನಿಕ ಬೇಕನ್ ತೀರಿಕೊಂಡದ್ದು 1626ರಲ್ಲಿ, ಚಿತ್ರಕಾರ ಬೇಕನ್ ಹುಟ್ಟಿದ್ದು 1909ರಲ್ಲಿ. ಇಬ್ಬರನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದೆ.

ಆಗಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಒಬ್ಬ ಕಲಾವಿದ ಬದುಕಿಡೀ ದುಡಿದು ಗಳಿಸಿದ್ದನ್ನು ಇನ್ನೊಬ್ಬನ ಖಾತೆಗೆ ಬರೆಯುವುದು ಸಣ್ಣ ತಪ್ಪಲ್ಲ. ಬೇರೆ ಬೇರೆ ಕ್ಷೇತ್ರಗಳಲ್ಲಿ ಹೆಸರು ಮಾಡಿದ ಇಂಥ ಜೋಡಿಗಳು ನಿಮಗೆ ಎದುರಾಗಿದ್ದರೆ ದಯವಿಟ್ಟು ತಿಳಿಸಿ. ನಮೂದಿನಲ್ಲಿ ಅವರನ್ನು ಬೇರೆ ಮಾಡಿ ತೋರಿಸಲು ನೀವು ಯಾವ ಕ್ರಮ ಅನುಸರಿಸುತ್ತೀರಿ?

ಗ್ರಂಥಪಾಲಕಿ

ಹೆಸರಿನ ಜೊತೆಗೆ ಜನನ ಮತ್ತು ಮರಣದ ವರ್ಷ ಕೊಡುವುದು ಗ್ರಂಥಾಲಯಗಳ ಹಳೆಯ ಪದ್ಧತಿ. ವರ್ಷ ಸಿಗದಿದ್ದರೆ ವೃತ್ತಿ. ನಾಮಸೂಚಿಯಲ್ಲಿ ಎರಡನ್ನೂ ಕೊಟ್ಟರೆ ಓದುಗರಿಗೆ ಉಪಕಾರ.

ನಾನು ಮರೆಯಲಾರದ ಜೋಡಿ ಎಲಿಜಬೆತ್ ಟೇಲರ್. ಸಿನಿಮಾ ತಾರೆ (1932–2011) ಎಲ್ಲರಿಗೂ ಗೊತ್ತು. ಅದೇ ಹೆಸರಿನ ಇಂಗ್ಲಿಷ್ ಕಾದಂಬರಿಕಾರ್ತಿ (1912–1975) ಒಬ್ಬರಿದ್ದರು. ಮನೆಯೊಳಗಿನ ಮೌನವನ್ನು ಅವರಷ್ಟು ನಿಖರವಾಗಿ ಬರೆದವರು ಕಡಿಮೆ. ಅವರ ಪುಸ್ತಕ ಕೇಳಿ ಬಂದವರ ಕೈಗೆ ನಟಿಯ ಜೀವನಚರಿತ್ರೆ ಹೋದದ್ದನ್ನು ನಾನೇ ಕಂಡಿದ್ದೇನೆ. ಹೀಗೆ ಬೆರೆತಾಗ ಇಬ್ಬರಿಗೂ ಸಮನಾಗಿ ನಷ್ಟವಾಗುವುದಿಲ್ಲ. ಹೆಚ್ಚು ಪ್ರಸಿದ್ಧರಾದವರು ಉಳಿಯುತ್ತಾರೆ, ಮತ್ತೊಬ್ಬರು ಅಳಿಸಿಹೋಗುತ್ತಾರೆ. ಆದ್ದರಿಂದ ನೀವು ತಾಳೆ ನೋಡುವಾಗ ಬಹಳ ಪ್ರಸಿದ್ಧವಾದ ಹೆಸರುಗಳಿಂದಲೇ ಆರಂಭಿಸಿ. ಅಲ್ಲಿಯೇ ಇನ್ನೊಬ್ಬರು ಮುಚ್ಚಿಹೋಗಿರುತ್ತಾರೆ.

ಸಂಶೋಧಕರ ಲೋಕದಲ್ಲಿ ಈಗ ಇದಕ್ಕೊಂದು ವ್ಯವಸ್ಥೆಯಿದೆ. 2012ರಿಂದ ಆರ್ಕಿಡ್ ಎಂಬ 16 ಸ್ಥಾನಗಳ ಗುರುತಿನ ಸಂಖ್ಯೆಯನ್ನು ಕೊಡುತ್ತಿದ್ದಾರೆ. ಸತ್ತವರಿಗೆ ಅದು ಒದಗುವುದಿಲ್ಲ, ನಿಮ್ಮ ಪುಸ್ತಕದಲ್ಲಿ ಹೆಚ್ಚಿನವರು ಅವರೇ ಇರಬಹುದು.

ರೇಖಾಗಣಿತ

ವರ್ಷವನ್ನಷ್ಟೇ ನಂಬಬೇಡಿ. ಹಿಪೊಕ್ರಟೀಸ್ ಹೆಸರಿನ ಇಬ್ಬರು ಗ್ರೀಕರನ್ನು ನೋಡಿ. ಕಾಸ್ ದ್ವೀಪದವನು ವೈದ್ಯ, ಪ್ರತಿಜ್ಞೆಗೆ ಹೆಸರು ಕೊಟ್ಟವನು. ಕಿಯೋಸ್ ದ್ವೀಪದವನು ಗಣಿತಜ್ಞ. ಎರಡು ವೃತ್ತಕಂಸಗಳ ನಡುವೆ ಉಳಿಯುವ ಬಿದಿಗೆ ಚಂದ್ರನಂಥ ಆಕೃತಿಗೆ ಸರಿಸಮವಾದ ಚೌಕವನ್ನು ರಚಿಸಬಹುದೆಂದು ತೋರಿಸಿದವನು ಇವನು. ಇಬ್ಬರೂ ಕ್ರಿಸ್ತಪೂರ್ವ ಐದನೆಯ ಶತಮಾನದವರು, ದ್ವೀಪಗಳ ಹೆಸರೂ ಕಿವಿಗೆ ಹತ್ತಿರ ಹತ್ತಿರ. ಇಲ್ಲಿ ಕಾಲ ನಿಮ್ಮ ನೆರವಿಗೆ ಬರುವುದಿಲ್ಲ, ಕೆಲಸವೇ ಗುರುತು.

ಯೂಕ್ಲಿಡ್‌ನ ಕಥೆ ಇದಕ್ಕಿಂತ ದೊಡ್ಡದು. ಸಾಕ್ರಟೀಸನ ಶಿಷ್ಯನಾಗಿದ್ದ ಮೆಗಾರದ ಯೂಕ್ಲಿಡ್ ಒಬ್ಬ ದಾರ್ಶನಿಕ. ರೇಖಾಗಣಿತದ ಯೂಕ್ಲಿಡ್ ಅವನ ನಂತರದವನು, ಅಲೆಕ್ಸಾಂಡ್ರಿಯದವನು. ಮಧ್ಯಯುಗದಲ್ಲಿ ಇಬ್ಬರೂ ಒಬ್ಬರಾಗಿಬಿಟ್ಟರು. 1570ರಲ್ಲಿ ಇಂಗ್ಲಿಷಿನಲ್ಲಿ ಮುದ್ರಣವಾದ ರೇಖಾಗಣಿತದ ಗ್ರಂಥದ ಮುಖಪುಟದಲ್ಲೇ ‘ಮೆಗಾರದ ಯೂಕ್ಲಿಡ್’ ಎಂದಿದೆ! ಎರಡು ವರ್ಷಗಳ ನಂತರ, 1572ರಲ್ಲಿ, ಇಟಲಿಯ ಗಣಿತಜ್ಞ ಕಮಾಂಡಿನೊ ತನ್ನ ಲ್ಯಾಟಿನ್ ಅನುವಾದದಲ್ಲಿ ಇವರು ಬೇರೆ ಬೇರೆ ಎಂದು ಬಿಡಿಸಿ ಹೇಳಿದ. ವಿದ್ವಾಂಸರೇ ಶತಮಾನಗಳ ಕಾಲ ಮಾಡಿದ ತಪ್ಪು ಇದು. ನೀವು ಮುದ್ರಣಕ್ಕೆ ಮುಂಚೆಯೇ ಕಂಡುಕೊಂಡಿದ್ದೀರಿ, ನೊಂದುಕೊಳ್ಳಬೇಡಿ.

ನಮ್ಮಲ್ಲಿಯೂ ಇಂಥವರಿದ್ದಾರೆ. ಏಳನೆಯ ಶತಮಾನದ ಭಾಸ್ಕರನೇ ಬೇರೆ, ಲೀಲಾವತಿಯನ್ನು ಬರೆದ ಹನ್ನೆರಡನೆಯ ಶತಮಾನದ ಭಾಸ್ಕರನೇ ಬೇರೆ. ಒಂದನೆಯವನು, ಎರಡನೆಯವನು ಎಂಬ ಅಂಕಿಗಳನ್ನು ಇತಿಹಾಸಕಾರರು ಆಮೇಲೆ ಅಂಟಿಸಿದ್ದು. ಇಬ್ಬರೂ ಒಂದೇ ಕ್ಷೇತ್ರದವರಾದ್ದರಿಂದ ನಿಮ್ಮ ಪಟ್ಟಿಗೆ ಬರುವುದಿಲ್ಲ. ಆದರೆ ರಾಮಾನುಜನ್ ಬರುತ್ತಾರೆ: ಶ್ರೀನಿವಾಸ ರಾಮಾನುಜನ್ (1887–1920) ಗಣಿತಜ್ಞ, ಎ.ಕೆ. ರಾಮಾನುಜನ್ (1929–1993) ಕವಿ ಮತ್ತು ಜಾನಪದ ವಿದ್ವಾಂಸ. ಪಠ್ಯದಲ್ಲಿ ಬರೀ ‘ರಾಮಾನುಜನ್’ ಎಂದಿದ್ದರೆ ಆ ಪ್ಯಾರಾ ಪೂರ್ತಿ ಓದಿ.

ಬೆಳ್ಳಿತೆರೆ

ಅಮೆರಿಕದ ಚಿತ್ರನಟರ ಸಂಘದಲ್ಲಿ ಒಂದೇ ಹೆಸರಿನಲ್ಲಿ ಇಬ್ಬರು ಕೆಲಸ ಮಾಡಬಾರದೆಂಬ ನಿಯಮವಿತ್ತು. ಮೈಕೆಲ್ ಕೀಟನ್ ಹುಟ್ಟುಹೆಸರು ಮೈಕೆಲ್ ಡಗ್ಲಸ್. ಆ ಹೆಸರಿನ ನಟ ಮೊದಲೇ ಇದ್ದುದರಿಂದ ಬದಲಿಸಿಕೊಂಡರು. ಸ್ಟುವರ್ಟ್ ಗ್ರೇಂಜರ್ ಕೂಡ ಹುಟ್ಟಿನಿಂದ ಜೇಮ್ಸ್ ಸ್ಟುವರ್ಟ್. ಕ್ಷೇತ್ರ ಬೇರೆಯಾದರೆ ಯಾವ ಸಂಘವೂ ತಡೆಯುವುದಿಲ್ಲ: ಜೇಮ್ಸ್ ಸ್ಟುವರ್ಟ್ ಎಂಬ ನಟ (1908–1997) ಇದ್ದಂತೆಯೇ, ಕಲನಶಾಸ್ತ್ರದ ಪಠ್ಯಪುಸ್ತಕ ಬರೆದು ಹೆಸರಾದ ಜೇಮ್ಸ್ ಸ್ಟುವರ್ಟ್ (1941–2014) ಕೂಡ ಇದ್ದರು.

ಕನ್ನಡದಲ್ಲಿ ಸೂಚಿ ಮಾಡುವವರಿಗೆ ಇನ್ನೊಂದು ತೊಡಕಿದೆ, ಅದನ್ನು ಯಾರೂ ಹೇಳಲಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಬೇರೆಯಾಗಿ ಕಾಣುವ ಹೆಸರುಗಳು ನಮ್ಮ ಲಿಪಿಯಲ್ಲಿ ಒಂದೇ ಆಗುತ್ತವೆ. ಕನ್ನಡದ ಡಾ. ರಾಜ್‌ಕುಮಾರ್ (1929–2006) ಮತ್ತು ಹಿಂದಿಯ ರಾಜ್‌ಕುಮಾರ್ (1926–1996) ಇಂಗ್ಲಿಷಿನಲ್ಲಿ ಬೇರೆ ಅಕ್ಷರಗಳಲ್ಲಿ ಕಾಣಿಸಿಕೊಳ್ಳುತ್ತಾರೆ, ಕನ್ನಡದಲ್ಲಿ ಗುರುತೇ ಸಿಗುವುದಿಲ್ಲ. ಇಬ್ಬರಿಗೂ ಅದು ಹುಟ್ಟುಹೆಸರಲ್ಲ: ನಮ್ಮವರು ಮುತ್ತುರಾಜ್, ಅವರು ಕುಲಭೂಷಣ್ ಪಂಡಿತ್. ಥಾಮಸ್ ಬ್ರೌನ್ ಹೆಸರಿನ ಕಾಗುಣಿತದಲ್ಲೂ ಇದೇ ತೊಡಕು. ವೈದ್ಯ ಮತ್ತು ಗದ್ಯಲೇಖಕ (1605–1682) ಒಬ್ಬ, ಸ್ಕಾಟ್ಲೆಂಡಿನ ದಾರ್ಶನಿಕ (1778–1820) ಇನ್ನೊಬ್ಬ. ಮೊದಲನೆಯವನ ಕೊನೆಗೊಂದು ಮೂಕ ‘ಇ’ ಇದೆ, ಕನ್ನಡಕ್ಕೆ ಬರುವಾಗ ಅದು ಉದುರಿಹೋಗುತ್ತದೆ. ಅನುವಾದಿತ ಅಧ್ಯಾಯಗಳಿದ್ದರೆ ಮೂಲದ ಕಾಗುಣಿತವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಪದಸೂಚಿ

ಉದುರಿಹೋಗುವ ಅಕ್ಷರ ನನಗೆ ಹೊಳೆದೇ ಇರಲಿಲ್ಲ. ಪುಸ್ತಕದ ಅರ್ಧದಷ್ಟು ಅನುವಾದವೇ, ಮತ್ತೆ ಮೊದಲಿನಿಂದ ನೋಡುತ್ತೇನೆ. ಒಂದು ಸಂದೇಹ ಉಳಿದಿದೆ: ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ಅಮೆರಿಕದ ಕಾದಂಬರಿಗಳೂ ಕಾಣುತ್ತವೆ. ಪ್ರಧಾನಿ ಕಾದಂಬರಿಯನ್ನೂ ಬರೆದಿದ್ದರಲ್ಲವೆ?

ಗ್ರಂಥಪಾಲಕಿ

ಬರೆದಿದ್ದರು, ಒಂದೇ ಒಂದು. ನೀವು ಕಂಡ ಅಮೆರಿಕದ ಕಾದಂಬರಿಗಳು ಇನ್ನೊಬ್ಬ ವಿನ್‌ಸ್ಟನ್ ಚರ್ಚಿಲ್ (1871–1947) ಅವರದು. 1899ರಲ್ಲಿ ಅವರೇ ಹೆಚ್ಚು ಪ್ರಸಿದ್ಧರು, ಬ್ರಿಟನ್ನಿನವರು ಇನ್ನೂ ಇಪ್ಪತ್ನಾಲ್ಕರ ತರುಣ. ಆ ತರುಣನೇ ಕಾಗದ ಬರೆದು, ಓದುಗರು ಗೊಂದಲಕ್ಕೆ ಬೀಳದಿರಲೆಂದು ಇನ್ನು ಮುಂದೆ ತನ್ನ ಪುಸ್ತಕಗಳಿಗೆ ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂದು ಸಹಿ ಮಾಡುವುದಾಗಿ ತಿಳಿಸಿದರು. ತನಗೂ ಇನ್ನೊಂದು ಹೆಸರು ಇದ್ದಿದ್ದರೆ ಅದನ್ನು ಬಳಸುತ್ತಿದ್ದೆ ಎಂದು ಅಮೆರಿಕದವರು ಉತ್ತರಿಸಿದರು. 1953ರಲ್ಲಿ ಸಾಹಿತ್ಯದ ನೊಬೆಲ್ ಪಡೆದದ್ದು ಸ್ಪೆನ್ಸರ್ ಚರ್ಚಿಲ್. ಹಳೆಯ ಮುಖಪುಟಗಳಲ್ಲಿ ನಡುವೆ ‘ಎಸ್.’ ಇದೆಯೇ ನೋಡಿ, ಆ ಒಂದು ಅಕ್ಷರ ಈ ಪತ್ರವ್ಯವಹಾರದ ಫಲ. ನಮೂದಿನಲ್ಲಿ ಅದನ್ನು ಖಂಡಿತ ಉಳಿಸಿಕೊಳ್ಳಿ.

ಪದಸೂಚಿ

ಉಳಿಸಿಕೊಂಡೆ, ಮೇಡಂ. ರೇಖಾಗಣಿತ ಅವರೇ, ನಿಮ್ಮ ಮಾತಿನಂತೆ ಹಿಪೊಕ್ರಟೀಸ್ ನಮೂದಿನ ಎಲ್ಲ ಪುಟಗಳನ್ನೂ ಈಗಷ್ಟೇ ತೆರೆದು ನೋಡಿದೆ. ನಾಲ್ಕು ಪುಟಗಳು ವೈದ್ಯನವು. ಐದನೆಯದರಲ್ಲಿ ಬಿದಿಗೆ ಚಂದ್ರನ ಆಕೃತಿಯಿದೆ. ಅವನಿಗೆ ಪ್ರತ್ಯೇಕ ಸಾಲು ಬರೆದಿದ್ದೇನೆ: ‘ಹಿಪೊಕ್ರಟೀಸ್, ಕಿಯೋಸ್‌ನ, ಗಣಿತಜ್ಞ’.