ಸಹಾಯ ಬೇಕು: ಅತ್ತು ಅರಿಕೆ ಮಾಡಿದರೆ ಸಾಕಾ, ದುಡ್ಡು ವಾಪಸ್ ಕೊಡಬೇಕಾ?

ಎಲ್ಲರಿಗೂ ಕರ್ತನಲ್ಲಿ ವಂದನೆ. ನಮ್ಮದು ಕೋಲಾರ. ನಮ್ಮ ಭಾವ ಅಮ್ಮನ ಚೀಟಿ ದುಡ್ಡನ್ನು ಹೇಳದೆ ಕೇಳದೆ ಟೊಮೆಟೊ ವ್ಯಾಪಾರಕ್ಕೆ ಹಾಕಿ ಕಳೆದರು. ಆಮೇಲೆ ಉಪವಾಸ ಕೂಟದಲ್ಲಿ ಮೊಣಕಾಲೂರಿ, ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತು ಪಾಪ ಅರಿಕೆ ಮಾಡಿದರು. ಈಗ ದುಡ್ಡಿನ ಮಾತೆತ್ತಿದರೆ, 'ದೇವರೇ ಕ್ಷಮಿಸಿದ್ದಾನೆ, ನೀವ್ಯಾಕೆ ಕೆದಕ್ತೀರಾ' ಅಂತಾರೆ. ಹೊಸ ಬೈಕಿನ ಕಂತು ಮಾತ್ರ ತಪ್ಪದೆ ಕಟ್ಟುತ್ತಿದ್ದಾರೆ!

ಪಾಸ್ಟರ್ ಹತ್ರ ಕೇಳಿದೆ. ಬೈಬಲಿನ 1 ಯೋಹಾನ 1:9 ತೋರಿಸಿ, ಅರಿಕೆ ಮಾಡಿದವರನ್ನು ದೇವರು ಕ್ಷಮಿಸುತ್ತಾನೆ ಎಂದರು. ಸರಿ, ಆದರೆ ಲೂಕ 19ರಲ್ಲಿ ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ಕೊಡ್ತೀನಿ ಅಂದನಲ್ವಾ? ಅಮ್ಮ ನೋಡಿದರೆ ಸುಮ್ನಿರು ಅಂತಾರೆ.

ನನ್ನ ಗೊಂದಲ ಇಷ್ಟೇ: ಕೊಡೋ ಶಕ್ತಿ ಇದ್ದೂ ಕೊಡದಿದ್ದರೆ ಆ ಪಶ್ಚಾತ್ತಾಪ ನಿಜವಾದದ್ದಾ? ನಾವು ಕ್ಷಮಿಸಿದ ಮೇಲೂ ದುಡ್ಡು ಕೇಳುವುದು ತಪ್ಪಾ? ದಯವಿಟ್ಟು ವಾಕ್ಯದ ಸಮೇತ ತಿಳಿಸಿ.