ಟಾರ್ಚು, ಮರಳಿನ ಚೀಲ ಬಂತು, ಸರಿ. ಮೇನ್ ಸ್ವಿಚ್ ಯಾರು ಆಫ್ ಮಾಡ್ತಾರೆ?

ಚಿಕ್ಕಮ್ಮಾ, ಈಗ ತಾನೇ ಗ್ರೂಪ್ ನೋಡಿದೆ. ಬಿರುಗಾಳಿ, ಭಾರಿ ಮಳೆ ಅಂತ ಎಚ್ಚರಿಕೆ ಬಂದಿದೆ, ಟಾರ್ಚು ಮತ್ತು ಮರಳಿನ ಚೀಲ ತರಿಸಿದ್ದೇನೆ, ಇನ್ನೇನು ಬೇಕು ಅಂತ ಕೇಳಿದ್ದೀರಿ. ಅದರ ಕೆಳಗೇ ಭಾವ ಒಂದು ಫಾರ್ವರ್ಡ್ ಹಾಕಿದ್ದಾರೆ. ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿ, ಗಾಳಿ ಜೋರಾದಾಗ ಒಂದು ಕಿಟಕಿ ತೆರೆದಿಡಿ ಅಂತ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಕೈಕೆಲಸ ಮಾಡ್ತಾನೇ ಕೇಳಿಸಿಕೊಳ್ಳಿ.

ಮೊದಲು ಆ ಫಾರ್ವರ್ಡ್. ಭಾವ ಬೇಜಾರು ಮಾಡ್ಕೋಬೇಡಿ, ಎರಡೂ ತಪ್ಪು. ಟೇಪ್ ಅಂಟಿಸಿದರೆ ಗಾಜು ಒಡೆಯೋದು ನಿಲ್ಲಲ್ಲ, ಟೇಪಿಗೆ ಅಂಟಿಕೊಂಡ ದೊಡ್ಡ ದೊಡ್ಡ ಚೂರುಗಳೇ ಹಾರಿ ಬರಬಹುದು. ಹೊರಗಿನಿಂದ ಪ್ಲೈವುಡ್ ಹೊಡೆಸಿದರೆ ಪ್ರಯೋಜನ. ಕಿಟಕಿ ತೆರೆದರೆ ಗಾಳಿ ಒಳಗೆ ನುಗ್ಗಿ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಎಲ್ಲಾ ಕಿಟಕಿ ಮುಚ್ಚಿ, ಒಳಗಿನ ಕೋಣೆಗಳ ಬಾಗಿಲನ್ನೂ ಹಾಕಿ. ಚಂಡಮಾರುತದ ನಡುವೆ ಗಾಳಿ ಇದ್ದಕ್ಕಿದ್ದಂತೆ ನಿಂತರೆ ಮುಗೀತು ಅಂತ ಹೊರಗೆ ಓಡಬೇಡಿ. ಅದರ ಕಣ್ಣು, ಅಂದರೆ ಗಾಳಿ ಶಾಂತವಾಗಿರೋ ನಡುಭಾಗ, ಮನೆ ಮೇಲೆ ಹಾದು ಹೋಗುತ್ತಿರಬಹುದು. ಆಮೇಲೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಸಾಮಾನು ಬೇಕು, ಇಲ್ಲ ಅನ್ನಲ್ಲ. ಆದರೆ ಎರಡು ವಿಷಯ ಇವತ್ತೇ, ಬೆಳಕಿರುವಾಗಲೇ, ಮಾತಾಡಿ ಮುಗಿಸಿ. ಮೇನ್ ಸ್ವಿಚ್ ಯಾರು ಆಫ್ ಮಾಡೋದು, ಮನೆ ಬಿಟ್ಟು ಯಾವಾಗ ಹೊರಡೋದು.

ನಿಮ್ಮ ಮನೆ ಮೇನ್ ಬೋರ್ಡು ಮೆಟ್ಟಿಲ ಕೆಳಗಿದೆ. ಮನೆಯಲ್ಲೇ ತಗ್ಗಿನ ಜಾಗ ಅದು, ನೀರು ಬಂದರೆ ಮೊದಲು ನಿಲ್ಲೋದೇ ಅಲ್ಲಿ. ಪಾದ ಮುಳುಗುವಷ್ಟು ನೀರಿದ್ದರೂ ಅದರಲ್ಲಿ ನಿಂತು ಸ್ವಿಚ್ಚಿಗೆ ಕೈ ಹಾಕಬಾರದು. ಹಾಗಾಗಿ ನೀರು ಅಂಗಳದಲ್ಲಿರುವಾಗಲೇ ಆಫ್ ಮಾಡಬೇಕು, ಹೊಸಿಲು ದಾಟಿದ ಮೇಲಲ್ಲ. "ಫ್ರಿಜ್ ಕೆಟ್ಟುಹೋಗುತ್ತೆ, ಇನ್ನೊಂದು ಸ್ವಲ್ಪ ಹೊತ್ತು ನೋಡೋಣ" ಅಂತ ಯಾರೋ ಒಬ್ಬರು ಹೇಳೇ ಹೇಳ್ತಾರೆ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತೆ ಅಂತ ಹೇಳಿ ಸುಮ್ಮನಾಗಿಸಿ. ಗ್ಯಾಸ್ ರೆಗ್ಯುಲೇಟರನ್ನೂ ಮೇನ್ ಆಫ್ ಮಾಡೋರೇ ಬಂದ್ ಮಾಡಲಿ. ಸಿಲಿಂಡರನ್ನು ಗಟ್ಟಿ ಕಂಬಕ್ಕೆ ಕಟ್ಟಿಬಿಡಿ, ನೀರು ಏರಿದರೆ ಅದು ತೇಲುತ್ತದೆ.

ಹೊರಡುವ ವಿಷಯಕ್ಕೆ ಗೇಟಿನ ಕಂಬದ ಮೇಲೆ ಬಣ್ಣದಿಂದ ಒಂದು ಗೆರೆ ಎಳೆಯಿರಿ, ಮನೆಯೊಳಗಿಂದ ಟಾರ್ಚ್ ಬಿಟ್ಟರೆ ಕಾಣೋ ಹಾಗೆ. ಹೊರಡಿ ಅಂತ ಸೂಚನೆ ಬಂದರೆ ಗೆರೆ ನೋಡುವ ಮಾತೇ ಇಲ್ಲ. ಸೂಚನೆ ಬರದಿದ್ದರೂ ನೀರು ಗೆರೆ ಮುಟ್ಟಿದರೆ ಹೊರಡೋದು, ಚರ್ಚೆ ಇಲ್ಲ. ಗೆರೆ ತುಂಬಾ ಕೆಳಗೇ ಇರಲಿ. ಯಾಕೆಂದರೆ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ಸಾಕು, ಗಟ್ಟಿ ಆಳನ್ನೂ ಬೀಳಿಸಬಲ್ಲದು. 30 ಸೆಂಟಿಮೀಟರಿಗೆ ಚಿಕ್ಕ ಕಾರು ತೇಲೋಕೆ ಶುರುವಾಗುತ್ತೆ, 60 ಆದರೆ ಹೆಚ್ಚಿನ ಗಾಡಿಗಳು ಕೊಚ್ಚಿಹೋಗುತ್ತವೆ. ಕೆಳಗೆ ರಸ್ತೆ ಇದೆಯೋ ಕುಸಿದಿದೆಯೋ ಅದೂ ಕಾಣಲ್ಲ.

ಮರಳಿನ ಚೀಲದ ಬಗ್ಗೆ ಒಂದು ಮಾತು. ಪೂರ್ತಿ ತುಂಬಿಸಬೇಡಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಆಗಲೇ ಅದು ಚಪ್ಪಟೆಯಾಗಿ ಕೂತು ಸಂದು ಮುಚ್ಚುತ್ತದೆ. ಆದರೆ ಎಲ್ಲವನ್ನೂ ಬಾಗಿಲಿಗೇ ಇಟ್ಟು ಮುಗಿಸಬೇಡಿ! ನೀರು ಎಷ್ಟೋ ಸಲ ಬಾಗಿಲಿಂದ ಬರೋದೇ ಇಲ್ಲ. ಕೆಳಗಿನ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಅಂತ ಸದ್ದು ಬಂತು, ಸಣ್ಣ ಗುಳ್ಳೆ ಎದ್ದಿತು ಅಂದರೆ ಚರಂಡಿ ನೀರು ಹಿಂದಕ್ಕೆ ಒತ್ತುತ್ತಿದೆ ಅಂತ ಅರ್ಥ. ಒಂದೊಂದು ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಮೋಡಿನೊಳಗೆ, ಜಾಲರಿಯ ಮೇಲೆ ಇಡಿ.

ಕುಡಿಯೋ ನೀರು ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಕನಿಷ್ಠ 3 ದಿನಕ್ಕಾಗುವಷ್ಟು ಮುಚ್ಚಳ ಇರೋ ಪಾತ್ರೆಯಲ್ಲಿ ಮೇಲಿನ ಮಹಡಿಗೆ ಸಾಗಿಸಿ. ನೆಲದ ಸಂಪು ನಂಬಬೇಡಿ, ಕೊಳಚೆ ಮೊದಲು ಸೇರೋದು ಅಲ್ಲಿಗೇ. ಕಾಗದ ಪತ್ರ, ಚಾರ್ಜರು ಇವೆಲ್ಲ ನಿಮಗೆ ಗೊತ್ತಿರೋದೇ. ಫೋನ್ ನಂಬರುಗಳನ್ನು ಮಾತ್ರ ಹಾಳೆ ಮೇಲೆ ಬರೆದಿಡಿ. ಕರೆ ಹೋಗದಿದ್ದಾಗ ಎಸ್‌ಎಂಎಸ್ ಹೋಗುವ ಸಾಧ್ಯತೆ ಜಾಸ್ತಿ, ಎಲ್ಲರೂ ಒಬ್ಬರಿಗೇ ಕಳಿಸೋಣ. ನನಗೇ ಕಳಿಸಿ.

ಜನರೇಟರ್ ಇದೆ ಅಂದರಲ್ಲ ಭಾವ, ಅದನ್ನ ಮನೆಯೊಳಗಾಗಲಿ ವರಾಂಡದಲ್ಲಾಗಲಿ ಹಾಕಲೇಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ವಾಸನೆ ಇಲ್ಲ, ಮಲಗಿದವರು ಏಳೋದೇ ಇಲ್ಲ. ಬಾಗಿಲು ಕಿಟಕಿಯಿಂದ ಕಡಿಮೆ ಅಂದರೂ 6 ಮೀಟರ್ ದೂರ ಇರಬೇಕು. ನೀರು ಇಳಿದ ಮೇಲೂ ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಆನ್ ಮಾಡಬೇಡಿ. ಕೆಸರು ತೊಳೆಯೋ ಮುಂಚೆ ಇನ್ಶೂರೆನ್ಸಿಗೆ ಫೋಟೋ ತೆಗೆಯಿರಿ. ಬರಿಗಾಲಲ್ಲಿ ಇಳಿಯಬೇಡಿ, ಇಲಿಜ್ವರ ಬರೋದೇ ಅಂಥ ನೀರಿಂದ, ಕಾಲಲ್ಲಿ ಸಣ್ಣ ಗಾಯ ಇದ್ದರೂ ಸಾಕು.

ಕೊನೇದು, ಅಜ್ಜಿ. ಗೆರೆಯ ಲೆಕ್ಕ ಓಡಾಡೋ ನಮಗೆ, ಅವರಿಗಲ್ಲ. ಅವರನ್ನು ನಾಳೆ ಬೆಳಗ್ಗೆ, ರಸ್ತೆ ಒಣಗಿರುವಾಗಲೇ ಅಣ್ಣನ ಮನೆಗೆ ಕಳಿಸಿಬಿಡಿ. ಸುಮ್ನೆ ಯಾಕೆ ಅಂತ ಜಗಳ ಆಡ್ತಾರೆ, ಆಡಲಿ. ಇನ್ಸುಲಿನ್ ಐಸ್ ಪ್ಯಾಕಿಗೆ ನೇರ ತಾಗಬಾರದು, ನಡುವೆ ಒಂದು ಬಟ್ಟೆ ಸುತ್ತಿ. ಹಲ್ಲಿನ ಸೆಟ್ಟು, ಕನ್ನಡಕ ಬ್ಯಾಗಿಗೆ ಹಾಕಿದಿರಾ ಅಂತ ಹೊರಡೋ ಮುಂಚೆ ಒಂದು ಸಲ ನೋಡಿ.